ಲಸಿಕೆ ಮೇಜಿನ ಮೇಲೆ ತಪ್ಪಿಹೋಗುವ ಸದ್ದು

ಮೈಸೂರಿನ ನಮ್ಮ ಚಿಕ್ಕಮ್ಮನ ಮನೆಗೆ ಒಂದು ಪೂಡಲ್ ಮರಿ ಬಂದಿತ್ತು. ಹೆಸರು ಚಿನ್ನಿ. ನೋಡೋಕೆ ಹೋದವನು ಹಾಗೇ ಎತ್ತಿಕೊಂಡೆ. ಎದೆಯ ಎಡಪಕ್ಕಕ್ಕೆ ಬೆರಳು ತಾಗಿದ್ದೇ ತಡ, ಏನೋ ಜುಮ್ ಅಂತು. ಜೇಬಿನಲ್ಲಿ ಫೋನ್ ಅದುರಿದ ಹಾಗೆ, ಆದರೆ ನಿಲ್ಲದೆ.

"ಚಿಕ್ಕಮ್ಮ, ಇದೇನು ಬೆಕ್ಕಿನ ಥರ ಗುರ್ ಅಂತಿದೆ?"

"ಹೂಂ ಕಣೋ, ಎತ್ಕೊಂಡ್ರೆ ಅದಕ್ಕೆ ಖುಷಿ."

ನಾಯಿ ಖುಷಿಗೆ ಗುರ್ ಅನ್ನುವುದಿಲ್ಲ. ಬಾಲ ಅಲ್ಲಾಡಿಸುತ್ತೆ, ನೆಕ್ಕುತ್ತೆ, ಕಾಲ ಮೇಲೆ ಉಚ್ಚೆಯನ್ನೂ ಹೊಯ್ಯುತ್ತೆ. ಎದೆಯೊಳಗೆ ಅದುರುತ್ತಿದೆ ಅಂದರೆ ಅಲ್ಲಿ ರಕ್ತ ಹರಿಯಬಾರದ ಕಡೆ ಜೋರಾಗಿ ಹರಿಯುತ್ತಿದೆ ಅಂತ ಅರ್ಥ. ಚಿನ್ನಿಯ ಲಸಿಕೆ ಕಾರ್ಡ್ ತೆಗೆದು ನೋಡಿದೆ. ಎರಡು ಸ್ಟಿಕ್ಕರ್, ಎರಡು ಸಹಿ. ಎರಡು ಸಲ ಯಾರೋ ಆ ಮರಿಯನ್ನು ಮುಟ್ಟಿದ್ದಾರೆ, ಸೂಜಿ ಚುಚ್ಚಿದ್ದಾರೆ, ಕಳಿಸಿದ್ದಾರೆ. ಎದೆಗೆ ಸ್ಟೆತಸ್ಕೋಪ್ ಇಟ್ಟ ನೆನಪು ಚಿಕ್ಕಮ್ಮನಿಗೆ ಇಲ್ಲ.

ನಾಯಿಗಳ ಹುಟ್ಟು ಹೃದಯದೋಷದ ಬಗ್ಗೆ ಮಾತು ಬಂದರೆ ನಾವು ನೇರ ಆಪರೇಷನ್ನಿಗೆ, ಖರ್ಚಿಗೆ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹಾರುತ್ತೇವೆ. ಅವೆಲ್ಲ ಮುಖ್ಯವೇ. ಆದರೆ ಬಹಳಷ್ಟು ಮರಿಗಳು ಸೋಲುವುದು ಅಲ್ಲಿಗೆ ತಲುಪುವ ಮೊದಲೇ, ಮೊದಲ ಲಸಿಕೆಯ ಮೇಜಿನ ಮೇಲೆ ಅನ್ನುವುದು ನನ್ನ ಅನಿಸಿಕೆ. ಯಾಕೆ ಅಂತ ನೋಡೋಣ.

ಚಿನ್ನಿಗೆ ಇದ್ದದ್ದು ಪಿಡಿಎ. ಪೂರ್ತಿ ಹೆಸರು ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್. ನಾಯಿಗಳಲ್ಲಿ ಜಾಸ್ತಿ ಕಾಣುವ ಹುಟ್ಟು ಹೃದಯದೋಷಗಳಲ್ಲಿ ಇದೂ ಒಂದು. ನಮ್ಮಲ್ಲಿ ಇಂಥದ್ದಕ್ಕೆಲ್ಲ 'ಹಾರ್ಟಲ್ಲಿ ತೂತು' ಅಂದುಬಿಡುತ್ತಾರೆ. ಇದು ತೂತಲ್ಲ, ಮುಚ್ಚದೆ ಉಳಿದ ಒಂದು ಸಣ್ಣ ಕೊಳವೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಮರಿ ಉಸಿರಾಡುವುದಿಲ್ಲ. ಶ್ವಾಸಕೋಶಕ್ಕೆ ಅಷ್ಟು ರಕ್ತ ಬೇಕಾಗಿಲ್ಲ. ಹಾಗಾಗಿ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಿಂದ ಮೈಗೆಲ್ಲ ರಕ್ತ ಒಯ್ಯುವ ಅಯೋರ್ಟಾಗೆ ಒಂದು ಅಡ್ಡದಾರಿ ಇರುತ್ತದೆ. ಹುಟ್ಟಿ ಮೊದಲ ಉಸಿರು ಎಳೆದ ಮೇಲೆ ಆ ಕೊಳವೆಯ ಸ್ನಾಯು ಬಿಗಿದುಕೊಂಡು, ಕೆಲವೇ ದಿನಗಳಲ್ಲಿ ದಾರಿ ಮುಚ್ಚಿಹೋಗುತ್ತದೆ. ಕೆಲವು ಮರಿಗಳಲ್ಲಿ ಆ ಸ್ನಾಯುವೇ ಸಾಕಷ್ಟು ಇರುವುದಿಲ್ಲ. ಕೊಳವೆ ತೆರೆದೇ ಉಳಿಯುತ್ತದೆ.

ಈಗ ಒತ್ತಡದ ಲೆಕ್ಕ ನೋಡಿ. ಅಯೋರ್ಟಾದಲ್ಲಿ ಹೃದಯ ಹಿಂಡಿದಾಗ ಸುಮಾರು 120, ಸಡಿಲಾದಾಗ ಸುಮಾರು 80. ಶ್ವಾಸಕೋಶದ ನಾಳದಲ್ಲಿ 25 ಮತ್ತು 10ರ ಆಸುಪಾಸು. ಅಂದರೆ ಹೃದಯ ಹಿಂಡುತ್ತಿರಲಿ, ಬಿಡುತ್ತಿರಲಿ, ಅಯೋರ್ಟಾದ ಕಡೆಯೇ ಒತ್ತಡ ಹೆಚ್ಚು. ರಕ್ತ ಒಂದು ಕ್ಷಣವೂ ನಿಲ್ಲದೆ ಅಲ್ಲಿಂದ ಶ್ವಾಸಕೋಶದ ಕಡೆಗೆ ನುಗ್ಗುತ್ತಿರುತ್ತದೆ. ಅದಕ್ಕೇ ಇದರ ಸದ್ದಿಗೂ ಬಿಡುವಿಲ್ಲ. ಬೇರೆ ದೋಷಗಳಲ್ಲಿ ಲಬ್ ಮತ್ತು ಡಬ್ ನಡುವೆ ಒಂದು 'ಉಸ್' ಕೇಳಿಸುತ್ತದೆ, ಆಮೇಲೆ ಮೌನ. ಪಿಡಿಎಯಲ್ಲಿ ಮೌನವೇ ಇಲ್ಲ. ಹಿಟ್ಟಿನ ಗಿರಣಿಯ ಹೊರಗೆ ನಿಂತ ಹಾಗೆ ಒಂದೇ ಸಮನೆ ಏರಿಳಿಯುವ ಸದ್ದು. ಡಾಕ್ಟರುಗಳೂ ಇದನ್ನು ಮಷಿನರಿ ಮರ್ಮರ್ ಅಂತಲೇ ಕರೆಯುತ್ತಾರೆ.

ಇಷ್ಟು ಜೋರಿನ ಸದ್ದು ಹೇಗೆ ತಪ್ಪಿಹೋಗುತ್ತದೆ? ಮೊದಲ ಕಾರಣ ಜಾಗ. ಇದು ಚೆನ್ನಾಗಿ ಕೇಳುವುದು ಎದೆಯ ಎಡಪಕ್ಕದಲ್ಲಿ, ಮೇಲೆ ಮತ್ತು ಮುಂದೆ, ಮುಂಗಾಲಿನ ಕಂಕುಳಿನ ಒಳಗೆ. ಅವಸರದಲ್ಲಿ ಸ್ಟೆತಸ್ಕೋಪ್ ಇಡುವುದು ಹೃದಯದ ಬಡಿತ ಎದ್ದು ಕಾಣುವ ಕೆಳಗಿನ ಜಾಗದಲ್ಲಿ. ಸಣ್ಣ ಕೊಳವೆಯಾದರೆ ಅಲ್ಲಿ ಏನೂ ಕೇಳದೇ ಹೋಗಬಹುದು. ಕಾಲನ್ನು ಸ್ವಲ್ಪ ಮುಂದಕ್ಕೆ ಎಳೆದು, ಸ್ಟೆತಸ್ಕೋಪನ್ನು ಕಂಕುಳಿಗೆ ತೂರಿಸಿ, ಮರಿ ಒದ್ದಾಡುವುದನ್ನು ನಿಲ್ಲಿಸುವವರೆಗೆ ಕಾಯಬೇಕು. ಹೊರಗೆ ಹತ್ತು ಜನ ಟೋಕನ್ ಹಿಡಿದು ಕೂತಿದ್ದಾಗ ಆ ಎರಡು ನಿಮಿಷ ಸಿಗುವುದು ಕಷ್ಟ. ಡಾಕ್ಟರರನ್ನು ಮಾತ್ರ ಬೈದು ಪ್ರಯೋಜನವಿಲ್ಲ. 'ಬರೀ ಇಂಜೆಕ್ಷನ್ನಿಗೆ ಇಷ್ಟು ದುಡ್ಡಾ?' ಅಂತ ಕೇಳುವವರು ನಾವೇ ತಾನೇ? ಕೆಲವು ಮರಿಗಳಿಗಂತೂ ಮಾರುವವರೇ ಮನೆಯಲ್ಲಿ ಸೂಜಿ ಚುಚ್ಚಿ, ಕಾರ್ಡಿಗೆ ಸ್ಟಿಕ್ಕರ್ ಅಂಟಿಸಿ ಕೊಟ್ಟಿರುತ್ತಾರೆ.

ಎರಡನೇ ಕಾರಣ ಸ್ವಲ್ಪ ಸೂಕ್ಷ್ಮ. ಮರಿಗಳಲ್ಲಿ ಏನೂ ದೋಷವಿಲ್ಲದೆಯೂ ಮರ್ಮರ್ ಕೇಳಬಹುದು. ಅದು ಮೆತ್ತಗಿರುತ್ತದೆ. ಮರ್ಮರ್ ಸದ್ದನ್ನು 1ರಿಂದ 6ರವರೆಗೆ ಅಳೆಯುತ್ತಾರೆ, ಇದು 1 ಅಥವಾ 2ರಲ್ಲೇ ಇರುತ್ತದೆ. ಮರಿಗೆ ನಾಲ್ಕೈದು ತಿಂಗಳಾಗುವ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿ ಹೋಗಿಬಿಡುತ್ತದೆ. ಹಾಗಾಗಿ 'ದೊಡ್ಡದಾದ್ಮೇಲೆ ಸರಿಹೋಗುತ್ತೆ ಬಿಡಿ' ಅನ್ನುವ ಮಾತು ಹುಟ್ಟಿದ್ದು ಸುಮ್ಸುಮ್ನೆ ಅಲ್ಲ. ತಪ್ಪಾಗುವುದು ಆ ಮಾತನ್ನು ಎಲ್ಲ ಮರ್ಮರಿಗೂ ಅಂಟಿಸಿದಾಗ. ಜೋರಾಗಿರುವ, ಬಿಡುವಿಲ್ಲದೆ ಕೇಳುವ, ಕೈಗೆ ಅದುರು ಸಿಗುವ ಮರ್ಮರ್ ಯಾವತ್ತೂ ಸರಿಹೋಗುವ ಜಾತಿಯದ್ದಲ್ಲ. ಕೈಗೆ ಅದುರು ಸಿಕ್ಕಿತು ಅಂದರೆ ಆ ಸದ್ದು ಆಗಲೇ 5 ಅಥವಾ 6ನೇ ದರ್ಜೆಯದು. ಚಿನ್ನಿಯ 'ಖುಷಿ' ಅದೇ.

ಇನ್ನೊಂದು ಸುಳಿವು ತೊಡೆಯ ಒಳಗೆ ಸಿಗುತ್ತದೆ. ಅಯೋರ್ಟಾದ ರಕ್ತ ಶ್ವಾಸಕೋಶದ ಕಡೆ ಸೋರಿಹೋಗುವುದರಿಂದ ಹೃದಯ ಸಡಿಲಾದಾಗಿನ ಒತ್ತಡ ಕುಸಿಯುತ್ತದೆ. ಹಿಂಡಿದಾಗಿನ ಒತ್ತಡಕ್ಕೂ ಅದಕ್ಕೂ ಅಂತರ ಜಾಸ್ತಿಯಾಗುತ್ತದೆ. ಹಾಗಾಗಿ ತೊಡೆಸಂದಿಯಲ್ಲಿ ನಾಡಿ ಹಿಡಿದರೆ ಬೆರಳಿಗೆ ಕುಟ್ಟಿದ ಹಾಗೆ ಬಡಿಯುತ್ತದೆ. ಯಂತ್ರವೇನೂ ಬೇಡ. ಕಿವಿ ಮತ್ತು ಬೆರಳು ಸಾಕು.

ಆಮೇಲೆ ಎಕ್ಸ್-ರೇ, ಇಸಿಜಿ, ಎಲ್ಲಕ್ಕಿಂತ ಮುಖ್ಯವಾಗಿ ರಕ್ತದ ಹರಿವನ್ನೂ ತೋರಿಸುವ ಡಾಪ್ಲರ್ ಇರುವ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಎಕೋದಲ್ಲಿ ಕೊಳವೆಯೂ ಕಾಣುತ್ತದೆ, ಅದರೊಳಗಿನ ರಕ್ತದ ವೇಗವೂ ತಿಳಿಯುತ್ತದೆ. ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ 'ಸೆಕೆಂಡಿಗೆ 5 ಮೀಟರ್' ಅಂತ ಏನೋ ಇರುತ್ತದೆ. ಅದನ್ನು ಓದುವುದು ಕಷ್ಟವೇನಲ್ಲ. ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 4ರಿಂದ ಗುಣಿಸಿ. 5 ಇಂಟು 5 ಅಂದರೆ 25, ಇಂಟು 4 ಅಂದರೆ 100. ಎರಡು ಕಡೆಯ ಒತ್ತಡಕ್ಕೆ 100ರಷ್ಟು ವ್ಯತ್ಯಾಸ ಇದೆ ಅಂತ. ಪಿಡಿಎಯಲ್ಲಿ ಈ ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು! ಶ್ವಾಸಕೋಶದ ಕಡೆಯ ಒತ್ತಡ ಇನ್ನೂ ಏರಿಲ್ಲ ಅಂತ ಅರ್ಥ.

ಯಾಕೆ ಇಷ್ಟು ಅವಸರ? ಸೋರಿದ ರಕ್ತ ಶ್ವಾಸಕೋಶ ಸುತ್ತಿ ಮತ್ತೆ ಹೃದಯದ ಎಡಭಾಗಕ್ಕೇ ಬರುತ್ತದೆ. ಒಂದೇ ರಕ್ತವನ್ನು ಎರಡೆರಡು ಸಲ ಪಂಪ್ ಮಾಡುವ ಕೆಲಸ. ಎಡಭಾಗ ಹಿಗ್ಗುತ್ತದೆ, ದಣಿಯುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮುಚ್ಚದೆ ಬಿಟ್ಟ ನಾಯಿಗಳಲ್ಲಿ 100ಕ್ಕೆ ಸುಮಾರು 60ರಿಂದ 70 ರೋಗ ಗೊತ್ತಾದ ಒಂದು ವರ್ಷದೊಳಗೆ ಸಾಯುತ್ತವೆ ಎಂದು ಪಶುವೈದ್ಯರು ಬಹಳ ಕಾಲದಿಂದ ಹೇಳುತ್ತಿರುವ ಲೆಕ್ಕ. ಸಮಯಕ್ಕೆ ಮುಚ್ಚಿದರೆ ಹೆಚ್ಚಿನವು ಬೇರೆ ನಾಯಿಗಳಷ್ಟೇ ಬದುಕುತ್ತವೆ. ಹೃದ್ರೋಗದಲ್ಲಿ ಇಂಥ ಅಂತರ ಅಪರೂಪ. ಒಂದು ಕಡೆ ವರ್ಷದೊಳಗೆ ಸಾವು, ಇನ್ನೊಂದು ಕಡೆ ಪೂರ್ತಿ ಆಯಸ್ಸು. ಮರಿ ಆಡುತ್ತಿದೆ, ತಿನ್ನುತ್ತಿದೆ ಅನ್ನುವುದು ಸಮಾಧಾನವಲ್ಲ. ಹೆಚ್ಚಿನವು ಸಿಕ್ಕಿಬೀಳುವಾಗ ಆಡುತ್ತಲೇ ಇರುತ್ತವೆ.

ಕೆಲವು ಮರಿಗಳಲ್ಲಿ ಕಥೆ ತಿರುಗುಮುರುಗಾಗುತ್ತದೆ. ಶ್ವಾಸಕೋಶದ ನಾಳಗಳು ದಪ್ಪಗಾಗಿ ಅಲ್ಲಿನ ಒತ್ತಡ ಅಯೋರ್ಟಾಕ್ಕಿಂತ ಹೆಚ್ಚಾಗುತ್ತದೆ. ಕೆಟ್ಟ ರಕ್ತ ಹಿಂದಕ್ಕೆ ನುಗ್ಗಿ ಮೈಗೆ ಹೋಗುತ್ತದೆ. ಆಗ ಮರ್ಮರ್ ಕೇಳಿಸುವುದೇ ಇಲ್ಲ. ಗಿರಣಿ ನಿಂತಿತು, ಆದರೆ ಒಳ್ಳೆಯದಕ್ಕಲ್ಲ. ತಲೆಗೆ ಹೋಗುವ ನಾಳಗಳು ಕೊಳವೆಗಿಂತ ಮೊದಲೇ ಕವಲೊಡೆದಿರುವುದರಿಂದ ಒಸಡು ಕೆಂಪಗೇ ಇರುತ್ತದೆ, ಬಾಲದ ಕೆಳಗಿನ ಚರ್ಮ ಮಾತ್ರ ನೀಲಿ. ಓಡಿದರೆ ಹಿಂಗಾಲು ಸೋಲುತ್ತದೆ. ಮನೆಯವರು ಕಾಲಿನ ತೊಂದರೆ ಅಂದುಕೊಂಡು ಕ್ಯಾಲ್ಸಿಯಂ ಕೊಡಿಸುತ್ತಾರೆ. ಈ ಹಂತದಲ್ಲಿ ಕೊಳವೆ ಮುಚ್ಚಬಾರದು. ಮುಚ್ಚಿದರೆ ಹೃದಯದ ಬಲಭಾಗಕ್ಕೆ ಒತ್ತಡ ಇಳಿಸಿಕೊಳ್ಳಲು ದಾರಿಯೇ ಇಲ್ಲದೆ ನಾಯಿ ಸಾಯುತ್ತದೆ. ಉಳಿಯುವುದು ದಪ್ಪಗಾದ ರಕ್ತವನ್ನು ಆಗಾಗ ತೆಗೆಯುವುದು ಮತ್ತು ಸಿಲ್ಡೆನಾಫಿಲ್ ಮಾತ್ರೆ. ಅದು ವಯಾಗ್ರಾದ ಮಾತ್ರೆಯೇ. ಮೆಡಿಕಲ್ ಸ್ಟೋರಿನಲ್ಲಿ 'ನಾಯಿಗೆ' ಅಂತ ಹೇಳಿ ಅದನ್ನು ಕೇಳುವಾಗ ಅಂಗಡಿಯವನ ಮುಖ ನೋಡಬೇಕು ನೀವು.

ಮುಚ್ಚುವುದಕ್ಕೆ ಎರಡು ದಾರಿ. ಒಂದು ದಾರ, ಇನ್ನೊಂದು ಬಿರಡೆ.

ದಾರದ ಕಥೆ ಮನುಷ್ಯರಿಂದ ಶುರು. 1938ರ ಆಗಸ್ಟಿನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರಾಬರ್ಟ್ ಗ್ರಾಸ್ ಎಂಬ ಯುವ ಸರ್ಜನ್ ಏಳು ವರ್ಷದ ಹುಡುಗಿಯ ಪಿಡಿಎಯನ್ನು ಕಟ್ಟಿದ. ಅವನ ಮೇಲಿನ ಸರ್ಜನ್ ರಜೆಯಲ್ಲಿದ್ದ ಸಮಯ ನೋಡಿ ಮಾಡಿದ ಆಪರೇಷನ್ ಅದು. ಅದಕ್ಕೂ ಮುಂಚೆ ಅವನು ಕೈ ಪಳಗಿಸಿಕೊಂಡದ್ದು ಪ್ರಾಣಿಗಳ ಮೇಲೆ. ಆರು ವರ್ಷದ ನಂತರ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 'ನೀಲಿ ಮಕ್ಕಳ', ಅಂದರೆ ಹುಟ್ಟು ಹೃದಯದೋಷದಿಂದ ಮೈ ನೀಲಿಗಟ್ಟಿದ ಮಕ್ಕಳ ಆಪರೇಷನ್ ನಡೆಯಿತು. ಅದಕ್ಕೆ ಬೇಕಾದ ಕೆಲಸವನ್ನು ವಿವಿಯನ್ ಥಾಮಸ್ ಎಂಬ ಲ್ಯಾಬ್ ಸಹಾಯಕ ನಾಯಿಗಳ ಮೇಲೆ ಮಾಡಿ ಮಾಡಿ ಕಲಿತಿದ್ದ. ಹಾಗೆ ಬದುಕುಳಿದ ಅನ್ನಾ ಎಂಬ ನಾಯಿಯ ಚಿತ್ರವನ್ನೂ ಅಲ್ಲಿ ಗೋಡೆಗೆ ತೂಗುಹಾಕಿದರು. ಮಕ್ಕಳ ಹೃದಯ ರಿಪೇರಿಯ ಸಾಲ ನಾಯಿಗಳ ಹೆಸರಿನಲ್ಲಿದೆ, ಅಲ್ವಾ.

ನಾಯಿಗೆ ಮಾಡುವಾಗಲೂ ಕೆಲಸ ಅದೇ. ಎಡಪಕ್ಕೆಲುಬುಗಳ ನಡುವೆ ಎದೆ ತೆರೆಯುತ್ತಾರೆ. ತೆರೆದ ಕೂಡಲೇ ಶ್ವಾಸಕೋಶ ಕುಗ್ಗುವುದರಿಂದ ಅಷ್ಟು ಹೊತ್ತೂ ಯಂತ್ರವೋ ಒಬ್ಬರ ಕೈಯೋ ಉಸಿರು ತುಂಬುತ್ತಿರಬೇಕು. ಕೊಳವೆಯ ಮೇಲೆ ವೇಗಸ್ ನರ ಹಾದುಹೋಗುತ್ತದೆ. ಅದನ್ನು ಎತ್ತಿ ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಬರುತ್ತದೆ ಮೈ ಬೆವರುವ ಕೆಲಸ. ಬಾಗಿದ ಚಿಮಟವನ್ನು ಕೊಳವೆಯ ಹಿಂದಿನಿಂದ ತೂರಿಸಬೇಕು. ಹಿಂಭಾಗ ಕಣ್ಣಿಗೆ ಕಾಣುವುದಿಲ್ಲ. ಗೋಡೆ ತೆಳು. ಹರಿದರೆ ಕೆಲವೇ ಕ್ಷಣದಲ್ಲಿ ಎದೆ ತುಂಬ ರಕ್ತ. ಹಿಂದಿನಿಂದ ರೇಷ್ಮೆ ದಾರ ಎಳೆದು, ಅಯೋರ್ಟಾದ ಕಡೆಯ ಗಂಟನ್ನು ಮೊದಲು, ನಿಧಾನಕ್ಕೆ ಬಿಗಿಯುತ್ತಾರೆ. ಬಿಗಿಯುತ್ತಿದ್ದ ಹಾಗೆ ಒತ್ತಡ ಏರಿ ಹೃದಯದ ಬಡಿತ ದಢಕ್ಕನೆ ಇಳಿಯಬಹುದು. ಅದಕ್ಕೇ ಒಂದೆರಡು ನಿಮಿಷ ಹಿಡಿದು ಗಂಟು ಕಟ್ಟುವುದು. ಅನುಭವ ಇರುವ ಕೈಗಳಲ್ಲಿ ಸಾಯುವ ನಾಯಿಗಳು ಬಹಳ ಕಡಿಮೆ. ಆ ಅನುಭವ ಬರಬೇಕಾದರೆ ಕೇಸುಗಳು ಬರಬೇಕು. ಕೇಸು ಬರಬೇಕಾದರೆ ಲಸಿಕೆ ಮೇಜಿನ ಮೇಲೆ ಯಾರಾದರೂ ಕೇಳಿಸಿಕೊಳ್ಳಬೇಕು.

ಬಿರಡೆಯದು ಎದೆ ತೆರೆಯದ ದಾರಿ. ನಿಟಿನಾಲ್ ಎಂಬ ಲೋಹದ ತಂತಿಯನ್ನು ಜರಡಿಯ ಹಾಗೆ ಹೆಣೆದ ಸಾಧನ. ಎಳೆದರೆ ದಾರದಷ್ಟು ಸಣ್ಣಗಾಗುತ್ತದೆ, ಬಿಟ್ಟರೆ ತನ್ನ ಆಕಾರ ನೆನಪಿಸಿಕೊಂಡು ಅರಳುತ್ತದೆ. ಮಿನೆಸೋಟಾದ ಕರ್ಟ್ ಆಂಪ್ಲಾಟ್ಜ್ ಮನುಷ್ಯರಿಗಾಗಿ ಇಂಥವನ್ನು ಮಾಡಿದ್ದು. 2000ರ ದಶಕದಲ್ಲಿ ನಾಯಿಯ ಕೊಳವೆಯ ಆಕಾರಕ್ಕೇ ಹೊಂದುವಂಥದ್ದು ಬಂತು. ತೊಡೆಯ ರಕ್ತನಾಳದಿಂದ ಸಪೂರ ನಳಿಕೆ ತೂರಿಸಿ, ಎಕ್ಸ್-ರೇ ಪರದೆ ನೋಡುತ್ತಾ ಅಯೋರ್ಟಾ ದಾಟಿ ಕೊಳವೆಯ ಆಚೆಗೆ ಹೋಗುತ್ತಾರೆ. ಅಲ್ಲಿ ಚಪ್ಪಟೆ ತಟ್ಟೆಯೊಂದು ಅರಳುತ್ತದೆ. ಹಿಂದಕ್ಕೆ ಎಳೆದರೆ ಅದು ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಈಚೆ ಬಟ್ಟಲಿನಂಥ ಇನ್ನೊಂದು ಭಾಗ. ಅಲ್ಲಾಡಿಸಿ ನೋಡಿ, ಗಟ್ಟಿ ಇದ್ದರೆ ತಿರುಪು ಬಿಚ್ಚಿ ನಳಿಕೆ ಹೊರಗೆ. ಕಷ್ಟ ಇರುವುದು ಗಾತ್ರದಲ್ಲಿ. ಎರಡೂವರೆ ಮೂರು ಕಿಲೋಗಿಂತ ಕಡಿಮೆ ತೂಕದ ಮರಿಗೆ ತೊಡೆಯ ನಾಳ ನಳಿಕೆಗೆ ಸಾಲುವುದಿಲ್ಲ. ಪಿಡಿಎ ಜಾಸ್ತಿ ಬರುವುದೋ ಸಣ್ಣ ತಳಿಗಳಲ್ಲೇ. 1.8 ಕಿಲೋದ ಚಿನ್ನಿಗೆ ದಾರವೇ ಗತಿಯಾಯಿತು.

ಮಾತ್ರೆಯಲ್ಲಿ ವಾಸಿಯಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಕೊಳವೆ ಮುಚ್ಚಿಸುವ ಔಷಧ ಇದೆ. ನಾಯಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ಬಿಗಿಯಲು ಸ್ನಾಯುವೇ ಇಲ್ಲದ ಮೇಲೆ ಔಷಧ ಯಾರಿಗೆ ಹೇಳಬೇಕು? ಲೇಸಿಕ್ಸ್ ಥರದ ಮಾತ್ರೆ ಶ್ವಾಸಕೋಶದ ನೀರು ಇಳಿಸಿ ಆಪರೇಷನ್ನಿನವರೆಗೆ ತಲುಪಿಸುತ್ತದೆ, ಅಷ್ಟೇ.

ಎಲ್ಲ ಹುಟ್ಟು ದೋಷಗಳೂ ಇಷ್ಟು ಸಲೀಸಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಬಿಡುವ ಕವಾಟ ಕಿರಿದಾಗಿರುವ ಪಲ್ಮನಿಕ್ ಸ್ಟೆನೋಸಿಸ್ ಬುಲ್‌ಡಾಗ್, ಬಾಕ್ಸರ್, ಬೀಗಲ್‌ಗಳಲ್ಲಿ ಕಾಣುತ್ತದೆ. ಇಲ್ಲಿ ಎಕೋದ ಲೆಕ್ಕವೇ ಉಲ್ಟಾ, ಒತ್ತಡದ ವ್ಯತ್ಯಾಸದ ಸಂಖ್ಯೆ ದೊಡ್ಡದಿದ್ದಷ್ಟೂ ಕೆಟ್ಟದ್ದು. 50ರ ಕೆಳಗಿದ್ದರೆ ಸೌಮ್ಯ, 80 ದಾಟಿದರೆ ತೀವ್ರ. ತೀವ್ರವಾಗಿದ್ದರೆ ಬಲೂನು ಒಯ್ದು ಕವಾಟವನ್ನು ಹಿಗ್ಗಿಸುತ್ತಾರೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬುಲ್‌ಡಾಗ್, ಬಾಕ್ಸರ್‌ಗಳಲ್ಲಿ ಒಂದು ಬೋನು ಇದೆ. ಕೆಲವದರಲ್ಲಿ ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳ ದಾರಿ ತಪ್ಪಿ ಇದೇ ಕವಾಟದ ಬುಡವನ್ನು ಸುತ್ತಿಕೊಂಡಿರುತ್ತದೆ. ನೋಡದೆ ಬಲೂನು ಉಬ್ಬಿಸಿದರೆ ಆ ನಾಳ ಹರಿದು ನಾಯಿ ಮೇಜಿನ ಮೇಲೇ ಹೋಗಬಹುದು. ನಿಮ್ಮದು ಆ ತಳಿಯಾಗಿದ್ದರೆ 'ಕರೋನರಿ ನೋಡಿದ್ದೀರಾ ಡಾಕ್ಟ್ರೇ' ಅಂತ ಕೇಳಲು ಸಂಕೋಚ ಬೇಡ.

ಇನ್ನು ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್, ಬಾಕ್ಸರ್‌ಗಳ ಸಬ್‌ಅಯೋರ್ಟಿಕ್ ಸ್ಟೆನೋಸಿಸ್. ಅಯೋರ್ಟಾದ ಕವಾಟದ ಕೆಳಗೆ ಗಟ್ಟಿ ಬಳೆಯಂಥದ್ದು ಬೆಳೆಯುತ್ತದೆ. ಇದು ನನಗೆ ಎಲ್ಲಕ್ಕಿಂತ ಬೇಸರದ ರೋಗ. ಬಲೂನು ಹಾಕಿ ನೋಡಿದ್ದಾರೆ, ಹೃದಯ ತೆರೆದು ಕತ್ತರಿಸಿಯೂ ನೋಡಿದ್ದಾರೆ. ಅಟೆನೊಲಾಲ್ ಎಂಬ ಅಗ್ಗದ ಮಾತ್ರೆ ಕೊಟ್ಟ ನಾಯಿಗಳಿಗಿಂತ ಅವು ಹೆಚ್ಚು ಕಾಲ ಬದುಕಲಿಲ್ಲ. ತೀವ್ರವಾಗಿರುವ ನಾಯಿ ಒಂದು ದಿನ ಚೆಂಡಿನ ಹಿಂದೆ ಓಡಿ ಹಾಗೇ ಬಿದ್ದುಬಿಡುತ್ತದೆ. ಮೇಲಾಗಿ ಆ ಬಳೆ ಹುಟ್ಟಿದ ಮೇಲೂ ಬೆಳೆಯುತ್ತದೆ. ಎಂಟು ವಾರದಲ್ಲಿ ಕೇಳದ ಮರ್ಮರ್ ಆರು ತಿಂಗಳಲ್ಲಿ ಕೇಳಬಹುದು. ಹಾಗಾಗಿ ಈ ತಳಿಗಳಲ್ಲಿ ಒಂದು ವರ್ಷ ತುಂಬಿದ ಮೇಲೆ ಇನ್ನೊಮ್ಮೆ ಕೇಳಿಸಬೇಕು.

ನಮ್ಮಲ್ಲಿ ಇದಕ್ಕೆಲ್ಲ ಅನುಕೂಲ ಇದೆಯಾ? ಮೊದಲಿನಷ್ಟು ಕತ್ತಲೆಯೇನಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಚೆನ್ನೈನ ಮದ್ರಾಸ್ ವೆಟರ್ನರಿ ಕಾಲೇಜಿನಂಥ ದೊಡ್ಡ ಸರ್ಕಾರಿ ಸಂಸ್ಥೆಗಳಿವೆ, ದೊಡ್ಡ ಊರುಗಳಲ್ಲಿ ಎಕೋ ಮಾಡುವ ಖಾಸಗಿ ಡಾಕ್ಟರುಗಳೂ ಇದ್ದಾರೆ. 2024ರಲ್ಲಿ ದೆಹಲಿಯಲ್ಲಿ ಜೂಲಿಯೆಟ್ ಎಂಬ ಬೀಗಲ್‌ಗೆ ಎದೆ ತೆರೆಯದೆ ಹೃದಯದ ಕವಾಟಕ್ಕೆ ಕ್ಲಿಪ್ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಅದು ವಯಸ್ಸಾದ ಮೇಲೆ ಬರುವ ಕವಾಟದ ರೋಗಕ್ಕೆ ಮಾಡಿದ್ದು, ಹುಟ್ಟು ದೋಷಕ್ಕಲ್ಲ. ಆದರೂ ನಳಿಕೆ ಹಿಡಿಯುವ ಕೈಗಳು ತಯಾರಾಗುತ್ತಿವೆ ಅನ್ನುವುದಕ್ಕೆ ಅದೊಂದು ಗುರುತು. ಹಾವೇರಿಯಲ್ಲೋ ಗಂಗಾವತಿಯಲ್ಲೋ ಇರುವವರಿಗೆ ಆ ಕೈ ಇನ್ನೂ ದೂರವೇ. ಆದರೆ ಸ್ಟೆತಸ್ಕೋಪ್ ದೂರವಿಲ್ಲ. ಹಳ್ಳಿಯ ಪಶು ಆಸ್ಪತ್ರೆಯಲ್ಲೂ ಒಂದು ಇರುತ್ತದೆ.

ಇಷ್ಟೆಲ್ಲ ಆದಮೇಲೂ ಯಾರೂ ಮಾತಾಡದ ವಿಷಯ ಒಂದು ಉಳಿಯುತ್ತದೆ. ಈ ಮರಿಗಳು ಎಲ್ಲಿಂದ ಬರುತ್ತಿವೆ?

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಪ್ಯಾಟರ್ಸನ್ 1960-70ರ ದಶಕಗಳಲ್ಲಿ ಪೂಡಲ್‌ಗಳ ವಂಶವನ್ನೇ ಹಿಡಿದು ಪಿಡಿಎ ಅಧ್ಯಯನ ಮಾಡಿದರು. ರೋಗ ಇರುವ ಗಂಡು ಹೆಣ್ಣು ಕೂಡಿಸಿದಾಗ ಮರಿಗಳಲ್ಲಿ ಬಹುಪಾಲಿಗೆ ಅದೇ ದೋಷ ಬಂತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅಲ್ಲಿ ಸಿಕ್ಕಿತು. ಕೆಲವು ಮರಿಗಳಲ್ಲಿ ಕೊಳವೆ ಒಂದು ತುದಿಯಲ್ಲಿ ಮಾತ್ರ ಮುಚ್ಚಿ, ಅಯೋರ್ಟಾದ ಕಡೆ ಚೀಲದ ಹಾಗೆ ತೆರೆದಿತ್ತು. ರಕ್ತ ಸೋರುವುದಿಲ್ಲ, ಸದ್ದಿಲ್ಲ, ರೋಗವಿಲ್ಲ. ಸ್ಟೆತಸ್ಕೋಪಿಗೆ ಅದು ಪೂರ್ತಿ ಆರೋಗ್ಯವಂತ ನಾಯಿ. ಆದರೆ ದೋಷವನ್ನು ಮರಿಗಳಿಗೆ ದಾಟಿಸುತ್ತದೆ. ಅಂದರೆ ರೋಗದ ಮರಿಯನ್ನು ಮಾತ್ರ ಸಾಲಿನಿಂದ ತೆಗೆದರೆ ಸಾಲದು. ಅಂಥ ಮರಿ ಹುಟ್ಟಿತು ಅಂದರೆ ಅದರ ಅಪ್ಪ ಅಮ್ಮನನ್ನೂ ಮತ್ತೆ ಕೂಡಿಸಬಾರದು.

ಇಲ್ಲಿ ಮಾರುವವರು ತೋರಿಸುವುದು ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ. ಅದು ವಂಶಾವಳಿಯ ಕಾಗದ, ಹೃದಯದ ಸರ್ಟಿಫಿಕೇಟ್ ಅಲ್ಲ. 2017ರಿಂದ ನಾಯಿ ಸಾಕಿ ಮಾರುವವರಿಗೆ ಕೇಂದ್ರದ ನಿಯಮಗಳಿವೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನೋಂದಣಿ ನಂಬರ್ ಕೇಳಿ ಮರಿ ತಂದವರನ್ನು ನಾನಂತೂ ನೋಡಿಲ್ಲ. ತಳಿಯ ಹೆಸರಿನಲ್ಲೂ ನಮಗೆ ಗೊಂದಲ. ಪಿಡಿಎ ಜಾಸ್ತಿ ಬರುವ ತಳಿಗಳ ಪಟ್ಟಿಯಲ್ಲಿ ಪಾಮೇರಿಯನ್ ಇದೆ. ಆದರೆ ನಮ್ಮೂರುಗಳಲ್ಲಿ ಮೂವತ್ತು ವರ್ಷದಿಂದ 'ಪಾಮೇರಿಯನ್' ಅಂತ ಸಾಕಿದ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಹೊರಗಿನ ಪಟ್ಟಿಯನ್ನು ಅವಕ್ಕೆ ಹಾಗೇ ಅಂಟಿಸುವುದು ಸರಿಯಲ್ಲ.

ಚಿನ್ನಿಯ ಆಪರೇಷನ್ ಆಗಿ ಹತ್ತನೇ ದಿನ ಹೊಲಿಗೆ ಬಿಚ್ಚಿದರು. ರಾತ್ರಿ ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಅಂತ ಎಣಿಸಿ ಬರೆಯಲು ಚಿಕ್ಕಮ್ಮನಿಗೆ ಹೇಳಿದ್ದರು. 30 ದಾಟಿದರೆ ಫೋನ್ ಮಾಡಿ ಅಂತ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿದ್ದಾರೆ: 22, 24, 21, 22. ಆಮೇಲೆ ಒಂದು ದಿನ, ಗೊತ್ತಿರಲಿ ಅಂತ, ಮರಿ ಕೊಟ್ಟವನಿಗೆ ಫೋನ್ ಮಾಡಿದೆ. ಎಲ್ಲ ವಿವರಿಸಿದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡ.

"ಅಯ್ಯೋ, ಮೊದಲೇ ಹೇಳೋದಲ್ವಾ ಸರ್? ವಾಪಸ್ ತಗೊಂಡು ಬೇರೆ ಮರಿ ಕೊಡ್ತಿದ್ದೆ. ಈಗ್ಲೂ ಬೇಕಾದ್ರೆ ಹೇಳಿ. ಅದೇ ತಾಯಿದು, ಮುಂದಿನ ತಿಂಗಳು ಮರಿ ಹಾಕುತ್ತೆ."